ಹಕ್ಕಿ ಗುರುತಿಸಲು ಮೊದಲ ಪುಸ್ತಕ ಯಾವುದು? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದು ಹೋಲಿಕೆ

ಹಕ್ಕಿ ನೋಡುವ ಹುಚ್ಚು ಹೊಸದಾಗಿ ಹಿಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. "ಎಲ್ಲಾ ಹಕ್ಕಿಗಳೂ ಇರುವ ಪುಸ್ತಕ ಯಾವುದು?" ಅಂಗಡಿಯವರೂ ಇದ್ದುದರಲ್ಲಿ ದಪ್ಪ ಪುಸ್ತಕವನ್ನೇ ತೆಗೆದು ಮುಂದಿಡುತ್ತಾರೆ. ನನ್ನ ಪ್ರಕಾರ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು. ನಮ್ಮ ಕಡೆ ಇಲ್ಲದ ಹಕ್ಕಿಗಳನ್ನು ಬೇಗ ಬದಿಗಿಡಲು ಯಾವ ಪುಸ್ತಕ ನೆರವಾಗುತ್ತದೆ?

ಯಾಕೆ ಅಂದರೆ ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಕರ್ನಾಟಕದಲ್ಲೇ 500 ದಾಟುತ್ತವೆ. ಮುಧೋಳದ ಕಡೆ ಕಬ್ಬಿನ ಹೊಲದ ಬದುವಿನಲ್ಲಿ ಬಾಲ ಕುಣಿಸುತ್ತಾ ಕೂತ ಒಂದು ಸಣ್ಣ ಕಂದು ಹಕ್ಕಿಯನ್ನು ನೋಡಿ, ಇಡೀ ಉಪಖಂಡದ ಪುಸ್ತಕ ತೆಗೆದಿರಿ ಅನ್ನಿ. ಪುಟ ತಿರುಗಿಸಿದಷ್ಟೂ ಅದೇ ಥರದ ಕಂದು ಹಕ್ಕಿಗಳು. ಅವುಗಳಲ್ಲಿ ಎಷ್ಟೋ ಹಿಮಾಲಯದವು, ಎಷ್ಟೋ ಅಸ್ಸಾಂ ಕಡೆಯವು. ಅವು ನಿಮ್ಮ ಹೊಲದ ಹತ್ತಿರ ಸುಳಿಯುವುದೇ ಇಲ್ಲ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಚಿತ್ರ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಲಡಾಖಿನ ಹಕ್ಕಿಯನ್ನು ಮುಧೋಳದಲ್ಲಿ ಕಂಡೆವು ಎಂದು ಬರೆದುಕೊಂಡು ಮನೆಗೆ ಬರುತ್ತಾರೆ.

ಹಾಗಾಗಿ ಪುಸ್ತಕಗಳ ಮಾತಿಗಿಂತ ಮೊದಲು ಜಾಗದ ಮಾತು.

ನೀವು ಎಲ್ಲಿ ನಿಂತು ನೋಡುತ್ತೀರಿ?

ಆಡಳಿತದ ಲೆಕ್ಕದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಅಕ್ಕಪಕ್ಕದ ಜಿಲ್ಲೆಗಳು. ಹಕ್ಕಿಗಳ ಲೆಕ್ಕವೇ ಬೇರೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು ಪಶ್ಚಿಮ ಘಟ್ಟದ ಭಾಗ. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡ ಇರುವುದು ಅಲ್ಲೇ. ಮಂಗಟ್ಟೆ, ಮಲಬಾರ್ ಟ್ರೋಗನ್ ಥರದ ದಟ್ಟ ಕಾಡಿನ ಹಕ್ಕಿಗಳ ಸೀಮೆ ಅದು. ಅಲ್ಲಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಕಡಿಮೆಯಾಗುತ್ತದೆ, ಮರ ಕಡಿಮೆಯಾಗುತ್ತದೆ. ಗೋಕಾಕ ದಾಟಿ ಬಾಗಲಕೋಟೆ, ವಿಜಯಪುರದ ಕಡೆ ಬಂದರೆ ಎರೆಹೊಲ, ಮಸಾರಿ, ಮಡ್ಡಿ, ಜಾಲಿ ಗಿಡ. ಇಲ್ಲಿ ನೆಲಗುಬ್ಬಿಗಳು, ಕಳ್ಳಿಪೀರ, ನೀಲಕಂಠ. ಚಳಿಗಾಲದಲ್ಲಿ ಜೋಳದ ಹೊಲದ ಮೇಲೆ ತಗ್ಗಿನಲ್ಲಿ ತೇಲುವ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು ಮತ್ತು ದೊಡ್ಡ ದೊಡ್ಡ ಗುಂಪಿನಲ್ಲಿ ಬಂದು ತೆನೆಗೆ ಮುತ್ತುವ ಗುಲಾಬಿ ಬಣ್ಣದ ಸ್ಟಾರ್ಲಿಂಗ್‌ಗಳು.

ಕಾಡು, ಬಯಲು ಆದ ಮೇಲೆ ಮೂರನೆಯದು ನೀರು. ಘಟಪ್ರಭಾ ನದಿಯ ಧೂಪದಾಳ ಒಡ್ಡಿನ ಸುತ್ತ 1974ರಲ್ಲಿ ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಡೆಮೊಯ್ಸೆಲ್ ಕ್ರೇನ್‌ಗಳನ್ನು ನೋಡಲೆಂದೇ ಜನ ಹೋಗುತ್ತಾರೆ. ಹಿಡಕಲ್ ಜಲಾಶಯ, ವಿಜಯಪುರದ ಪಕ್ಕದ ಭೂತನಾಳ ಕೆರೆ, ಎಲ್ಲಕ್ಕಿಂತ ಮಿಗಿಲಾಗಿ ಆಲಮಟ್ಟಿಯ ಹಿನ್ನೀರು. ಹಿನ್ನೀರು ಇಳಿದಾಗ ಬಾಗಲಕೋಟೆ, ಬೀಳಗಿ ಕಡೆ ತೆರೆದುಕೊಳ್ಳುವ ಕೆಸರಿನ ಬಯಲು ಹಕ್ಕಿಗಳಿಗೆ ಹಬ್ಬ. ರಾಜಹಂಸ (ಫ್ಲೆಮಿಂಗೊ), ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತು, ಲೆಕ್ಕ ಸಿಗದಷ್ಟು ಗದ್ದೆಗೊರವಗಳು.

ಒಂದು ಸಣ್ಣ ಉದಾಹರಣೆ ನೋಡಿ. ಬೆಳಗಾವಿಯ ಪಶ್ಚಿಮಕ್ಕೆ, ಮಳೆ ಜಾಸ್ತಿ ಇರುವ ಕಡೆ, ಜುಟ್ಟು ನೆಟ್ಟಗೆ ನಿಂತ ಕೆಮ್ಮೀಸೆ ಪಿಕಳಾರ ಬೇಕಾದಷ್ಟು ಸಿಗುತ್ತದೆ. ವಿಜಯಪುರದ ಬೇವಿನ ಗಿಡದಲ್ಲಿ ಕೂತ ಪಿಕಳಾರ ಬಹುಮಟ್ಟಿಗೆ ಬೇರೆಯದು. ಅದರ ತಲೆ ಕಪ್ಪು, ಬಾಲದ ಬುಡ ಕೆಂಪು. ಇಂಥ ವ್ಯತ್ಯಾಸವನ್ನು ಒಂದು ನೋಟಕ್ಕೆ ತೋರಿಸುವುದು ಚಿತ್ರದ ಪಕ್ಕದಲ್ಲಿ, ಹಕ್ಕಿ ಸಿಗುವ ಕಡೆಗೆಲ್ಲ ಬಣ್ಣ ಹಚ್ಚಿದ ಪುಟ್ಟ ನಕಾಶೆ. ನಕಾಶೆ ಇಲ್ಲದ ಪುಸ್ತಕದಲ್ಲಿ ನಾವು ವಾಕ್ಯ ಓದಿ ಊಹಿಸಬೇಕು. ಹೊಲದಲ್ಲಿ ನಿಂತು ಅಷ್ಟು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಸಲೀಂ ಅಲಿಯವರ ಪುಸ್ತಕ

ಪಕ್ಷಿತಜ್ಞ ಸಲೀಂ ಅಲಿಯವರ "ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್" 1941ರಲ್ಲಿ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ತಂದ ಈ ಪುಸ್ತಕ ತಲೆಮಾರುಗಳಿಗೆ ಹಕ್ಕಿ ನೋಡುವುದನ್ನು ಕಲಿಸಿದೆ. ಸಲೀಂ ಅಲಿಯವರು 1987ರಲ್ಲಿ ತೀರಿಕೊಂಡ ಮೇಲೂ ಪರಿಷ್ಕರಣೆ ನಿಲ್ಲಲಿಲ್ಲ. 13ನೆಯ ಆವೃತ್ತಿ 2002ರದ್ದು. ಅದರಲ್ಲಿ 500ಕ್ಕೂ ಹೆಚ್ಚು ಹಕ್ಕಿಗಳಿವೆ. ಹೊಸಬರಿಗೆ ಹೆದರಿಕೆ ಹುಟ್ಟಿಸದ ಸಂಖ್ಯೆ ಅದು.

ಇದರ ದೊಡ್ಡ ಗುಣ ಗಾತ್ರ ಹೇಳುವ ರೀತಿ. ಇಷ್ಟು ಸೆಂಟಿಮೀಟರ್ ಎಂದರೆ ಮರದ ತುದಿಯಲ್ಲಿ ಕೂತ ಹಕ್ಕಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಸಲೀಂ ಅಲಿ ಗುಬ್ಬಿಗಿಂತ ತುಸು ಚಿಕ್ಕದು, ಪಿಕಳಾರದಷ್ಟು, ಗೊರವಂಕಕ್ಕಿಂತ ತುಸು ದೊಡ್ಡದು, ಕಾಗೆಯಷ್ಟು, ಹದ್ದಿನಷ್ಟು ಎಂದು ಬರೆಯುತ್ತಾರೆ. ಇವೆಲ್ಲ ನಮ್ಮ ಓಣಿಯಲ್ಲೇ ಇರುವ ಹಕ್ಕಿಗಳು. ಈ ಅಳತೆ ಒಮ್ಮೆ ತಲೆಗೆ ಹತ್ತಿದರೆ ಬೇರೆ ಯಾವ ಪುಸ್ತಕ ಹಿಡಿದರೂ ಉಪಯೋಗಕ್ಕೆ ಬರುತ್ತದೆ. ಹಕ್ಕಿಯ ಸ್ವಭಾವ, ಕೂಗು, ಗೂಡು ಕಟ್ಟುವ ಕಾಲ ಎಲ್ಲವನ್ನೂ ಓದಿಸಿಕೊಂಡು ಹೋಗುವ ಇಂಗ್ಲಿಷಿನಲ್ಲಿ ಹೇಳಿದ್ದಾರೆ. ರಾತ್ರಿ ಊಟ ಆದ ಮೇಲೆ ಸುಮ್ನೆ ಎರಡು ಪುಟ ಓದುವಂಥ ಪುಸ್ತಕ.

ಕೊರತೆಯೂ ಇದೆ. ಎಷ್ಟೋ ಹಕ್ಕಿಗಳಿಗೆ ಒಂದೇ ವೇಷದ ಚಿತ್ರ. ಗಂಡು ಹೆಣ್ಣು ಬೇರೆ ಬೇರೆ ಕಾಣುವ, ಮರಿ ಮೂರನೆಯ ಥರ ಕಾಣುವ, ಹಾರುವಾಗ ಮಾತ್ರ ಗುರುತು ಸಿಗುವ ಹಕ್ಕಿಗಳ ವಿಷಯದಲ್ಲಿ ಇದು ಸಾಲುವುದಿಲ್ಲ. ಹಿನ್ನೀರಿನ ಕೆಸರಲ್ಲಿ ಓಡಾಡುವ ಹಕ್ಕಿಗಳಿಗಂತೂ ಇದೊಂದೇ ನಂಬಿದರೆ ಕಷ್ಟ.

ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇದರ ಹಳೆಯ ಆವೃತ್ತಿಗಳು ಸಿಗುತ್ತವೆ. ಅಗ್ಗ ಎಂದು ಕೊಳ್ಳುವ ಮುಂಚೆ ಎರಡು ಮಾತು. ಹೆಸರುಗಳು ಬದಲಾಗಿವೆ. ಅಲ್ಲಿ ಬ್ಲೂ ಜೇ ಎಂದಿರುವ ನಮ್ಮ ನೀಲಕಂಠ ಈಗ ಎಲ್ಲ ಕಡೆ ಇಂಡಿಯನ್ ರೋಲರ್. ಕ್ರೋ ಫೆಸೆಂಟ್ ಎಂದಿರುವ ಕೆಂಬೂತ ಈಗ ಗ್ರೇಟರ್ ಕೂಕಲ್. ಕಿಂಗ್ ಕ್ರೋ ಎಂದರೆ ಕಾಜಾಣ, ಈಗ ಬ್ಲ್ಯಾಕ್ ಡ್ರಾಂಗೊ. ಪುಸ್ತಕದಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಹೆಸರು ಕಂಡು ಎರಡೂ ಬೇರೆ ಹಕ್ಕಿ ಅಂದುಕೊಳ್ಳುವವರು ಬಹಳ.

ಎರಡನೆಯದು ಇದಕ್ಕಿಂತ ಗಂಭೀರ. ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬ ಲೆಕ್ಕವೇ ತಲೆಕೆಳಗಾಗಿದೆ. ಹಳೆಯ ಪುಸ್ತಕಗಳಲ್ಲಿ ರಣಹದ್ದು ಎಲ್ಲೆಂದರಲ್ಲಿ ಕಾಣುವ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಲ್ಲಿ ಅವು ದೇಶದ ತುಂಬ ಕುಸಿದವು. ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಎರೆಭೂತ ಎಂಬ ಬಯಲಿನ ದೊಡ್ಡ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕತೆಯೂ ಅಷ್ಟೇ. ಹಳೆಯ ವಿವರಣೆ ಓದಿದರೆ ದಖ್ಖನಿನ ಬಯಲಿನಲ್ಲೆಲ್ಲ ಅದು ಸಿಗಬೇಕು ಅನ್ನಿಸುತ್ತದೆ. ಇವತ್ತು ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಿಂದ. ಹೊಲದಲ್ಲಿ ದೂರಕ್ಕೆ ಕಂಡ ನವಿಲಿನ ಹೆಣ್ಣನ್ನು ಎರೆಭೂತ ಎಂದು ಬರೆದುಕೊಳ್ಳುವ ಮುಂಚೆ ಪುಸ್ತಕದ ಇಸವಿ ನೋಡಿ.

ಗ್ರಿಮೆಟ್ ಮತ್ತು ಇನ್ಸ್‌ಕಿಪ್

ಈಗ ಹಕ್ಕಿ ನೋಡುವವರ ಚೀಲದಲ್ಲಿ ಜಾಸ್ತಿ ಕಾಣುವುದು ರಿಚರ್ಡ್ ಗ್ರಿಮೆಟ್, ಕರೋಲ್ ಇನ್ಸ್‌ಕಿಪ್, ಟಿಮ್ ಇನ್ಸ್‌ಕಿಪ್ ಅವರ ಪುಸ್ತಕ. ಬಾಯಿಮಾತಿನಲ್ಲಿ "ಗ್ರಿಮೆಟ್" ಅಂದರೆ ಮುಗಿಯಿತು. ಒಂದು ಕಡೆ ಚಿತ್ರ, ಎದುರು ಪುಟದಲ್ಲಿ ಚುಟುಕು ವಿವರಣೆ. ಹೆಚ್ಚಿನ ಹಕ್ಕಿಗಳಿಗೆ ಗಂಡು, ಹೆಣ್ಣು, ಮರಿ ಎಲ್ಲವೂ ಅಲ್ಲೇ ಒಟ್ಟಿಗಿವೆ. ಹದ್ದು, ಗಿಡುಗಗಳಿಗೆ ಹಾರುವ ಭಂಗಿಯೂ ಇದೆ. ಹತ್ತಿರದ ಸಂಬಂಧಿ ಹಕ್ಕಿಗಳನ್ನು ಒಂದೇ ಪುಟದಲ್ಲಿ ಸಾಲಾಗಿ ನಿಲ್ಲಿಸಿರುವುದರಿಂದ ಹೋಲಿಸಿ ನೋಡುವುದು ಸುಲಭ.

ಗ್ರಿಮೆಟ್ ಹೆಸರಿನದು ಒಂದೇ ಪುಸ್ತಕ ಅಲ್ಲ. ಇಡೀ ಉಪಖಂಡದ್ದು ಬೇರೆ, "ಬರ್ಡ್ಸ್ ಆಫ್ ಸದರ್ನ್ ಇಂಡಿಯಾ" ಎಂಬ ದಕ್ಷಿಣ ಭಾರತದ್ದೇ ಬೇರೆ. ಉಪಖಂಡದ ಪುಸ್ತಕದಲ್ಲಿ ಪಾಕಿಸ್ತಾನದಿಂದ ಬಾಂಗ್ಲಾದೇಶದವರೆಗಿನ, ನೇಪಾಳದಿಂದ ಶ್ರೀಲಂಕಾವರೆಗಿನ 1,300ಕ್ಕೂ ಹೆಚ್ಚು ಹಕ್ಕಿಗಳು ತುಂಬಿವೆ. ಹಾಗಾಗಿ ಪ್ರತಿ ಚಿತ್ರ ಚಿಕ್ಕದು, ಅಕ್ಷರ ಇನ್ನೂ ಚಿಕ್ಕದು. ದಕ್ಷಿಣ ಭಾರತದ ಪುಸ್ತಕದಲ್ಲಿ ಹಿಮಾಲಯದ ಗಲಾಟೆ ಇಲ್ಲ. ನಾನಾದರೆ ಹೊಸಬರ ಕೈಗೆ ಇದನ್ನೇ ಕೊಡುತ್ತೇನೆ. ಭೀಮಗಡದ ಕಾಡಿನ ಹಕ್ಕಿಯೂ ಅದರಲ್ಲಿದೆ, ಬೀಳಗಿಯ ಬಯಲಿನ ಹಕ್ಕಿಯೂ ಇದೆ. ಆಗಲೇ ಹೇಳಿದೆನಲ್ಲ, ಬದಿಗಿಡುವ ಕೆಲಸದ ಅರ್ಧವನ್ನು ಪುಸ್ತಕವೇ ಮುಗಿಸಿ ಕೊಟ್ಟಿರುತ್ತದೆ.

ಇದಕ್ಕೆ ಬರುವ ಆಕ್ಷೇಪ ಒಂದೇ. "ನಾಳೆ ಉತ್ತರಾಖಂಡಕ್ಕೆ ಹೋದರೆ?" ಹೋದಾಗ ನೋಡಿಕೊಳ್ಳೋಣ. ಅಷ್ಟು ದೂರ ಹಕ್ಕಿ ನೋಡಲು ಹೋಗುವ ಹಂತಕ್ಕೆ ಬಂದವರು ಎರಡನೆಯ ಪುಸ್ತಕ ಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ. ದಕ್ಷಿಣದ ಪುಸ್ತಕ ಕೈಗೆ ಸಿಗದೇ ಹೋದರೆ ಮಾತ್ರ ಉಪಖಂಡದ್ದು ಕೊಳ್ಳಿ. ಆಗ ಒಂದು ಸಂಜೆ ಕೂತು, ನಕಾಶೆಯಲ್ಲಿ ಉತ್ತರ ಕರ್ನಾಟಕಕ್ಕೆ ಬಣ್ಣ ಬಿದ್ದಿರುವ ಹಕ್ಕಿಗಳ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಬೇಸರದ ಕೆಲಸ, ನಿಜ. ಆದರೆ ಅದೊಂದು ಸಂಜೆಯಲ್ಲಿ ನೀವು ಕಲಿಯುವುದು ಬಹಳ.

ಇನ್ನೊಂದು ಕಾರಣಕ್ಕೂ ಈ ಪುಸ್ತಕ ನಮಗೆ ಒಗ್ಗುತ್ತದೆ. ನಮ್ಮಲ್ಲಿಗೆ ಚಳಿಗಾಲಕ್ಕೆ ಬರುವ ಹಕ್ಕಿಗಳು ಇಲ್ಲಿ ಮರಿ ಮಾಡುವುದಿಲ್ಲ. ಮರಿ ಮಾಡುವ ಕಾಲದ ಬಣ್ಣದ ವೇಷ ಕಳಚಿಟ್ಟು ಮಂಕಾಗಿ ಬಂದಿರುತ್ತವೆ. ರಫ್ ಎಂಬ ಹಕ್ಕಿಯ ಗಂಡಿಗೆ ಯುರೋಪಿನ ಪುಸ್ತಕಗಳಲ್ಲಿ ಕೊರಳ ಸುತ್ತ ದೊಡ್ಡ ಗರಿಗಳ ಪಟ್ಟಿ ಇರುತ್ತದೆ. ಆಲಮಟ್ಟಿಯ ಕೆಸರಲ್ಲಿ ಅದು ಯಾರ ಕಣ್ಣನ್ನೂ ಸೆಳೆಯದ ಬೂದುಕಂದು ಹಕ್ಕಿ. ಬ್ಲ್ಯಾಕ್ ಹೆಡೆಡ್ ಗಲ್ ಎಂಬ ಹಕ್ಕಿಗೆ ಚಳಿಗಾಲದಲ್ಲಿ ಕಪ್ಪು ತಲೆಯೇ ಇರುವುದಿಲ್ಲ, ಕಿವಿಯ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೇ. ವಿದೇಶದ ಪುಸ್ತಕವನ್ನೋ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ ಇನ್ಯಾವುದೋ ದೇಶದ ಪಿಡಿಎಫ್ಫನ್ನೋ ನೆಚ್ಚಿಕೊಂಡರೆ ಆಗುವ ತೊಂದರೆ ಇದೇ. ಕೊಳ್ಳುವ ಪುಸ್ತಕ ಚಳಿಗಾಲದ ವೇಷವನ್ನು ತೋರಿಸಲೇಬೇಕು.

ಪಮೇಲಾ ರಾಸ್ಮುಸನ್ ಮತ್ತು ಜಾನ್ ಆಂಡರ್ಟನ್ ಅವರ "ಬರ್ಡ್ಸ್ ಆಫ್ ಸೌತ್ ಏಷ್ಯಾ" ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. 2005ರಲ್ಲಿ ಎರಡು ಸಂಪುಟಗಳಲ್ಲಿ ಬಂದ ದೊಡ್ಡ ಕೆಲಸ. ಹಕ್ಕಿಗಳ ದನಿಯ ನಕ್ಷೆಯೂ ಅದರಲ್ಲಿದೆ. ಪುಸ್ತಕ ಬಹಳ ಒಳ್ಳೆಯದು. ಹೊಸಬರಿಗೆ ಬೇಡ.

ಫೋಟೊ ಇದ್ದರೆ ಒಳ್ಳೆಯದಲ್ವಾ?

ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಫೋಟೊ ನಿಜ, ಚಿತ್ರ ಯಾರೋ ಬರೆದದ್ದು. ಆದರೆ ಫೋಟೊದಲ್ಲಿರುವುದು ಒಂದು ಹಕ್ಕಿ, ಒಂದು ಬೆಳಕು, ಒಂದು ಕ್ಷಣ. ಬೆಳಗಿನ ಬಿಸಿಲಲ್ಲಿ ತೆಗೆದ ಫೋಟೊದಲ್ಲಿ ಬೂದು ಹಕ್ಕಿಯೂ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಚಿತ್ರಕಾರ ಹಲವು ಹಕ್ಕಿಗಳನ್ನು ನೋಡಿ, ಗುರುತಿಗೆ ಬೇಕಾದ ಭಾಗ ಎದ್ದು ಕಾಣುವಂತೆ, ಎಲ್ಲವನ್ನೂ ಒಂದೇ ಕಡೆ ಮುಖ ಮಾಡಿ ಬರೆದಿರುತ್ತಾನೆ. ಮದುವೆಗೆ ಹೆಣ್ಣು ತೋರಿಸಲು ಕಳಿಸುವ ಫೋಟೊ ನೋಡಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಹುಡುಗಿಯನ್ನು ಹುಡುಕಿದ ಹಾಗೆ ಆಗುತ್ತದೆ ಫೋಟೊ ಪುಸ್ತಕದ ಪಾಡು.

ಆದರೂ ಒಂದು ಕಡೆ ಫೋಟೊ ಗೆಲ್ಲುತ್ತದೆ. ಹಕ್ಕಿ ಕೂರುವ ರೀತಿ, ಅದರ ಸುತ್ತಲಿನ ಜಾಗ, ಮೈಯ ಠೀವಿ. ಬಾದಾಮಿಯ ಕೆಂಪು ಬಂಡೆಗೆ ಅಂಟಿದಂತೆ ಹಾರಾಡುವ ಕಂದು ಕ್ರ್ಯಾಗ್ ಮಾರ್ಟಿನ್‌ಗಳನ್ನು ಬಿಳಿ ಹಾಳೆಯ ಮೇಲಿನ ಚಿತ್ರದಲ್ಲಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಬಂಡೆಯ ಜೊತೆ ನೋಡಿದರೆ ತಕ್ಷಣ ಹೊಳೆಯುತ್ತದೆ. ಮಕ್ಕಳಿಗೂ ಫೋಟೊ ಪುಸ್ತಕ ಹಿಡಿಸುತ್ತದೆ. ಎರಡನೆಯ ಪುಸ್ತಕವಾಗಿ ಇರಲಿ.

ಕನ್ನಡದಲ್ಲಿ ಏನಿದೆ?

ಪೂರ್ಣಚಂದ್ರ ತೇಜಸ್ವಿಯವರ "ಹಕ್ಕಿ ಪುಕ್ಕ"ದಿಂದಲೇ ಹಕ್ಕಿಗಳ ಕಡೆ ತಿರುಗಿದವರು ನಮ್ಮಲ್ಲಿ ಕಡಿಮೆ ಇಲ್ಲ. ಹಕ್ಕಿಯನ್ನು ಕುತೂಹಲದಿಂದ, ತುಸು ತಮಾಷೆಯಿಂದ ನೋಡುವುದು ಹೇಗೆ ಎಂದು ಇಂಗ್ಲಿಷಿನ ಯಾವ ಫೀಲ್ಡ್ ಗೈಡೂ ಹೇಳಿಕೊಡುವುದಿಲ್ಲ. ಇಂಗ್ಲಿಷ್ ಓದಲು ಮುಜುಗರಪಡುವ ಹಿರಿಯರಿಗೆ, ಹೈಸ್ಕೂಲು ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಇದನ್ನು ಗ್ರಿಮೆಟ್ ಜಾಗದಲ್ಲಿ ಇಡಬೇಡಿ. ತೇಜಸ್ವಿ ಇದ್ದದ್ದು ಮೂಡಿಗೆರೆಯ ಕಾಫಿ ತೋಟದ ನಡುವೆ, ಮಲೆನಾಡಿನಲ್ಲಿ. ಎರೆಹೊಲದ ನೆಲಗುಬ್ಬಿಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸಕ್ಕೆ, ಹಿನ್ನೀರಿನ ವಲಸೆ ಹಕ್ಕಿಗಳಿಗೆ ಬೇರೆ ಪುಸ್ತಕ ಬೇಕೇ ಬೇಕು.

ಕನ್ನಡ ಹೆಸರುಗಳ ತಂಟೆಯೂ ಇದೆ. ಪುಸ್ತಕದ ಹೆಸರು ಒಂದು, ನಮ್ಮ ಊರಿನ ಹೆಸರು ಇನ್ನೊಂದು. ಬೆಳಗಾವಿಯಲ್ಲಿ ಎಷ್ಟೋ ಮನೆಗಳಲ್ಲಿ ಹಕ್ಕಿಯ ಹೆಸರು ಬಾಯಿಗೆ ಬರುವುದೇ ಮರಾಠಿಯಲ್ಲಿ. ಪುಸ್ತಕದ ಅಂಚಿನಲ್ಲಿ ನಿಮ್ಮ ಅಜ್ಜ ಹೇಳುವ ಹೆಸರನ್ನೂ ಬರೆದಿಡಿ. ಕುರಿ ಕಾಯುವವರನ್ನು, ಮೀನು ಹಿಡಿಯುವವರನ್ನು ಕೇಳಿ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಪುಸ್ತಕಕ್ಕೆ ಗೊತ್ತಿರುವುದಿಲ್ಲ.

ಮಕ್ಕಳಿಗಾಗಿ ಮಡಚುವ ಚಿತ್ರಪಟಗಳೂ ಬಂದಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ "ಅರ್ಲಿ ಬರ್ಡ್" ಎಂಬ ಕಾರ್ಯಕ್ರಮದವರು ಭಾರತೀಯ ಭಾಷೆಗಳಲ್ಲಿ ಇಂಥ ಸಾಮಗ್ರಿ ಮಾಡುತ್ತಾರೆ. ಆಯ್ದ ಕೆಲವು ಹಕ್ಕಿ, ದೊಡ್ಡ ಚಿತ್ರ, ಕಿಸೆಯಲ್ಲಿ ಹಿಡಿಯುವ ಗಾತ್ರ. ಶಾಲೆಯವರಿಗೆ, ಎಂಟು ಹತ್ತು ವರ್ಷದ ಮಕ್ಕಳಿಗೆ ಪುಸ್ತಕಕ್ಕಿಂತ ಇದೇ ವಾಸಿ.

ಫೋನಿನೊಳಗಿನ ಗೈಡ್

ಈಗಿನವರು ಪುಸ್ತಕಕ್ಕಿಂತ ಮೊದಲು ಕೇಳುವುದು ಆ್ಯಪ್. ಅದರಲ್ಲೂ ಮರ್ಲಿನ್. ಅಮೆರಿಕದ ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿ 2014ರಲ್ಲಿ ಬಿಟ್ಟದ್ದು. ಪುಕ್ಕಟೆ. ಭಾರತದ ಹಕ್ಕಿಗಳ ಕಂತೆಯನ್ನು ಮನೆಯಲ್ಲಿ ವೈಫೈ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಆಮೇಲೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಖಾನಾಪುರದ ಕಾಡಿಗೆ ಹೋಗುವವರು ಇದನ್ನು ಮರೆಯಬಾರದು.

ಮರ್ಲಿನ್ ಮೂರು ದಾರಿ ಕೊಡುತ್ತದೆ. ಮೊದಲನೆಯದು ಪ್ರಶ್ನೋತ್ತರ. ಎಲ್ಲಿ ಕಂಡಿರಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು. ಇಷ್ಟಕ್ಕೆ ಉತ್ತರ ಕೊಟ್ಟರೆ ಆ ಜಾಗದಲ್ಲಿ ಆ ಕಾಲಕ್ಕೆ ಸಿಗಬಹುದಾದ ಹಕ್ಕಿಗಳ ಪಟ್ಟಿ ಬರುತ್ತದೆ. ನನ್ನ ಮೆಚ್ಚಿನದು ಇದೇ. ಕಾರಣ, ಇದು ನಿಮ್ಮ ಕಣ್ಣನ್ನು ಪಳಗಿಸುತ್ತದೆ. ಒಂದು ಎಚ್ಚರ ಮಾತ್ರ. ಗಾತ್ರದ ಅಳತೆಯಲ್ಲಿ ರಾಬಿನ್ ಎಂದು ಬಂದರೆ ನಮ್ಮ ಹಿತ್ತಲಿನ ಕರಿ ರಾಬಿನ್ ಅಂದುಕೊಳ್ಳಬೇಡಿ. ಅಮೆರಿಕದ ರಾಬಿನ್ ಹೆಚ್ಚುಕಡಿಮೆ ಗೊರವಂಕದಷ್ಟು ದೊಡ್ಡದು. ನಮ್ಮದು ಅದಕ್ಕಿಂತ ಬಹಳ ಚಿಕ್ಕದು. ಇಲ್ಲಿ ತಪ್ಪಿದರೆ ಪಟ್ಟಿಯೇ ತಪ್ಪುತ್ತದೆ.

ಎರಡನೆಯದು ಫೋಟೊ. ಕ್ಯಾಮೆರಾ ಇರುವವರಿಗೆ ಒಳ್ಳೆಯದು. ಆಕಾಶಕ್ಕೆ ಎದುರಾಗಿ ಹಾರುವ ಹದ್ದನ್ನು ಫೋನಿನಲ್ಲಿ ತೆಗೆದು ಕೊಟ್ಟರೆ ಅದಕ್ಕೂ ಕಪ್ಪು ನೆರಳೇ ಕಾಣುವುದು, ನಮಗೂ ಅದೇ.

ಮೂರನೆಯದು ದನಿ. 2021ರಲ್ಲಿ ಸೇರಿಸಿದ ಈ ಸೌಲಭ್ಯ ಈಗ ಎಲ್ಲರ ಬಾಯಲ್ಲಿ. ಫೋನ್ ಹಿಡಿದು ನಿಂತರೆ ಕೂಗಿದ ಹಕ್ಕಿಯ ಹೆಸರು ಪರದೆಯ ಮೇಲೆ ಬರುತ್ತದೆ. ಬೆಳಗಾವಿಯ ವ್ಯಾಕ್ಸಿನ್ ಡಿಪೋದ ದೊಡ್ಡ ಮರಗಳ ಕೆಳಗೆ ಬೆಳಿಗ್ಗೆ ನಿಂತರೆ ಇದರ ಬೆಲೆ ತಿಳಿಯುತ್ತದೆ. ಎಲೆಯ ಬಣ್ಣದಲ್ಲೇ ಮರೆಯಾಗುವ ಕುಟುರ ಹಕ್ಕಿ, ಟಕ್ ಟಕ್ ಎಂದು ಒಂದೇ ಸಮ ಬಡಿಯುವ ಕಂಚುಕುಟಿಗ ಎರಡೂ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಸಿಗುತ್ತವೆ. ದನಿ ಕೇಳಿ ಹೆಸರು ತಿಳಿದರೆ ಏನನ್ನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ಆದರೆ ಪರದೆಯ ಮೇಲೆ ಬಂದ ಹೆಸರು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಭೀಮಗಡದಲ್ಲಿ ಉದ್ದ ಬಾಲದ ರ್‍ಯಾಕೆಟ್ ಬಾಲದ ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಹಾಗೇ ಅನುಕರಿಸುತ್ತದೆ. ಹೊಲದಲ್ಲಿ ಗಾಳಿ ಇರುತ್ತದೆ, ಟ್ರ್ಯಾಕ್ಟರ್ ಇರುತ್ತದೆ, ಪಂಪ್‌ಸೆಟ್ ಇರುತ್ತದೆ. ಹೆಸರು ಬಂದ ಮೇಲೆ ಹಕ್ಕಿಯನ್ನು ಕಣ್ಣಾರೆ ನೋಡಿ, ಪುಸ್ತಕದ ಚಿತ್ರದ ಜೊತೆ ಹೊಂದಿಸಿದರೆ ಮಾತ್ರ ಬರೆದುಕೊಳ್ಳಿ. ಫೋನ್ ಹೇಳಿತು ಅಂತ ಸುಮ್ನೆ ಹೆಸರು ಕೂಡಿಸುತ್ತಾ ಹೋದವರಿಗೆ ಬ್ಯಾಟರಿ ಮುಗಿದ ದಿನ ಪಿಕಳಾರವೂ ಗುರುತು ಸಿಗುವುದಿಲ್ಲ. ಇನ್ನೊಂದು ಮಾತು. ಹಕ್ಕಿಯನ್ನು ಹತ್ತಿರಕ್ಕೆ ಕರೆಯಲು ಅದರ ದನಿಯನ್ನು ಫೋನಿನಿಂದ ಜೋರಾಗಿ ನುಡಿಸುವ ಚಾಳಿ ಬೇಡ. ಗೂಡು ಕಟ್ಟುವ ಕಾಲದಲ್ಲಿ ಅದಕ್ಕೆ ವಿನಾಕಾರಣ ತೊಂದರೆ.

ಕಾರ್ನೆಲ್‌ನವರದ್ದೇ ಆದ ಇ-ಬರ್ಡ್ ಬಗ್ಗೆ ಹೊಸಬರು ಅಷ್ಟಾಗಿ ಯೋಚಿಸುವುದಿಲ್ಲ. 2002ರಲ್ಲಿ ಶುರುವಾದ ಇದರಲ್ಲಿ ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ಹಾಕುತ್ತಾರೆ. ಅಲ್ಲಿ ಜಿಲ್ಲೆ ಆರಿಸಿಕೊಂಡರೆ ಆ ಜಿಲ್ಲೆಯಲ್ಲಿ ಈವರೆಗೆ ದಾಖಲಾದ ಹಕ್ಕಿಗಳ ಪಟ್ಟಿ, ಯಾವ ತಿಂಗಳಿನ ಯಾವ ವಾರದಲ್ಲಿ ಯಾವುದು ಹೆಚ್ಚು ಕಾಣುತ್ತದೆ ಎಂಬ ಪಟ್ಟೆಚಿತ್ರ ಸಿಗುತ್ತದೆ. ಬದಿಗಿಡುವ ಕೆಲಸಕ್ಕೆ ಇದಕ್ಕಿಂತ ಹರಿತವಾದ ಸಾಧನ ಇನ್ನೊಂದಿಲ್ಲ. ಪುಸ್ತಕದಲ್ಲಿ ಎರಡು ಹಕ್ಕಿಗಳ ನಡುವೆ ಸಿಕ್ಕಿಬಿದ್ದಾಗ ಇದನ್ನು ತೆರೆದು ನೋಡಿ. ಒಂದು ಮಾತು ನೆನಪಿರಲಿ. ಬೆಂಗಳೂರು, ಮೈಸೂರಿನಷ್ಟು ಜನ ನಮ್ಮ ಕಡೆ ಪಟ್ಟಿ ಹಾಕುವುದಿಲ್ಲ. ಹಾಗಾಗಿ ವಿಜಯಪುರದ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲ ಅಂದರೆ ಅದು ಇಲ್ಲವೇ ಇಲ್ಲ ಎಂದಲ್ಲ. ಯಾರೂ ಬರೆದಿಲ್ಲ ಎಂದೂ ಇರಬಹುದು.

ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡುವುದು ಹೇಗೆ?

ಯಾವ ಹಕ್ಕಿ ಪುಸ್ತಕ ಕೈಗೆ ಬಂದರೂ ಹೊದಿಕೆ ನೋಡಿ ಮರುಳಾಗಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಹಕ್ಕಿಗಳನ್ನು ಅದರಲ್ಲಿ ಹುಡುಕಿ. ಕೋಗಿಲೆಯ ಪುಟ ತೆಗೆಯಿರಿ. ಕರಿ ಗಂಡಿನ ಪಕ್ಕ ಚುಕ್ಕೆ ಚುಕ್ಕೆಯ ಕಂದು ಹೆಣ್ಣೂ ಇದೆಯಾ? ಕೊಳದ ಬಕ ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಬೆಳ್ಳಗೆ, ಮರಿ ಮಾಡುವ ಕಾಲದಲ್ಲಿ ಬೆನ್ನೆಲ್ಲ ಕೆಂಗಂದು. ಈ ಮೂರೂ ಇದ್ದರೆ ಚಿತ್ರಕಾರರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ ಎನ್ನಬಹುದು. ಆಮೇಲೆ ನೆಲಗುಬ್ಬಿಗಳ ಪುಟ. ನಮ್ಮ ಬಯಲಿನಲ್ಲಿ ಕಾಣುವ ಬೂದು ನೆತ್ತಿಯ ನೆಲಗುಬ್ಬಿಯ ಗಂಡಿಗೆ ಹೊಟ್ಟೆ ಕಪ್ಪು, ಹೆಣ್ಣು ಬರೀ ಮಣ್ಣಿನ ಬಣ್ಣ. ಗಂಡನ್ನು ಮಾತ್ರ ತೋರಿಸಿದ ಪುಸ್ತಕ ಬಾಗಲಕೋಟೆ, ವಿಜಯಪುರದವರಿಗೆ ಅರ್ಧ ಮಾತ್ರ ಉಪಯೋಗ. ಹ್ಯಾರಿಯರ್‌ಗಳ ಪುಟವನ್ನೂ ನೋಡಿ. ಹೆಣ್ಣುಗಳನ್ನು ಬೇರ್ಪಡಿಸುವುದು ಕಷ್ಟ ಎಂದು ನೇರವಾಗಿ ಹೇಳಿದ ಪುಸ್ತಕವನ್ನು ನಂಬಬಹುದು. ಪಳಗಿದವರೇ ಅಲ್ಲಿ ತಡವರಿಸುತ್ತಾರೆ.

ನಕಾಶೆ ಚಿತ್ರದ ಪಕ್ಕದಲ್ಲೇ ಇದೆಯೋ ಪುಸ್ತಕದ ಕೊನೆಗೆ ಹೋಗಬೇಕೋ, ಬೈಂಡಿಂಗ್ ಗಟ್ಟಿ ಇದೆಯೋ, ಒಂದು ಕೈಯಲ್ಲಿ ಹಿಡಿದು ತೆರೆಯಲು ಬರುತ್ತದೋ ಇವೂ ಮುಖ್ಯ. ಇನ್ನೊಂದು ಕೈಯಲ್ಲಿ ದುರ್ಬೀನು ಇರುತ್ತದೆ. ಅಂಗಡಿ ದೂರವಾದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಸಿಕ್ಕರೆ ತಿರುವಿ ನೋಡಿ, ಆಮೇಲೆ ಆನ್‌ಲೈನಿನಲ್ಲಿ ತರಿಸಿಕೊಳ್ಳಿ.

ಯಾರಿಗೆ ಯಾವುದು?

ಒಂದೇ ಪುಸ್ತಕಕ್ಕೆ ದುಡ್ಡಿದೆ, ಇಂಗ್ಲಿಷ್ ಓದಲು ಅಡ್ಡಿಯಿಲ್ಲ ಅನ್ನುವವರಿಗೆ ದಕ್ಷಿಣ ಭಾರತದ ಗ್ರಿಮೆಟ್, ಜೊತೆಗೆ ಪುಕ್ಕಟೆಯ ಮರ್ಲಿನ್. ಕನ್ನಡವೇ ಬೇಕು ಅನ್ನುವವರಿಗೆ "ಹಕ್ಕಿ ಪುಕ್ಕ" ಮತ್ತು ಮರ್ಲಿನ್. ಹೊರಗೆ ಹೋಗುವುದಕ್ಕಿಂತ ಹಿತ್ತಲಲ್ಲಿ ಕೂತು ನೋಡುವ, ಓದುವ ಸುಖ ಬಯಸುವ ನಿವೃತ್ತರಿಗೆ ಸಲೀಂ ಅಲಿ. ಹತ್ತು ವರ್ಷದ ಮಗುವಿಗೆ ಮಡಚುವ ಚಿತ್ರಪಟ. ದುರ್ಬೀನೂ ಇಲ್ಲ, ಪುಸ್ತಕವೂ ಇಲ್ಲ, ಒಂದಕ್ಕೇ ದುಡ್ಡು ಇದೆ ಅನ್ನುವವರು ಮೊದಲು ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನು ಕೊಳ್ಳಿ. ಅದಿಲ್ಲದೆ ಎಷ್ಟು ಒಳ್ಳೆಯ ಪುಸ್ತಕ ಇದ್ದರೂ ಹಿನ್ನೀರಿನ ಆಚೆ ದಂಡೆಯ ಹಕ್ಕಿ ಬರೀ ಚುಕ್ಕೆ. ಪುಸ್ತಕವನ್ನು ಮುಂದಿನ ತಿಂಗಳು ನೋಡಿಕೊಳ್ಳಬಹುದು, ಅಷ್ಟರವರೆಗೆ ಫೋನ್ ಸಾಕು.

ಕೊಳ್ಳುವುದಾದರೆ ದಸರೆಗೆ ಮುಂಚೆ ಕೊಳ್ಳಿ. ವಲಸೆ ಹಕ್ಕಿಗಳ ದೊಡ್ಡ ದಂಡು ಅಕ್ಟೋಬರಿನಿಂದ ಬರತೊಡಗುತ್ತದೆ, ಮಾರ್ಚ್ ಹೊತ್ತಿಗೆ ಹೊರಡುತ್ತದೆ. ಅದಕ್ಕೂ ಮೊದಲು ಮಳೆಗಾಲದಲ್ಲಿ ವರ್ಷವಿಡೀ ಇಲ್ಲೇ ಇರುವ ಹಕ್ಕಿಗಳ ಮೇಲೆ ಪುಸ್ತಕವನ್ನು ಪಳಗಿಸಿಕೊಳ್ಳಬಹುದು. ಮಡಿವಾಳ, ಸೂರಕ್ಕಿ, ಗೀಜಗ, ಮಿಂಚುಳ್ಳಿ ಯಾವ ಪುಟದಲ್ಲಿವೆ ಎಂದು ಬೆರಳಿಗೇ ಗೊತ್ತಾಗಿಬಿಟ್ಟರೆ, ಚಳಿಗಾಲದಲ್ಲಿ ಧೂಪದಾಳದ ನೀರಿನ ಮುಂದೆ ನಿಂತಾಗ ಪುಟ ಹುಡುಕುವುದರಲ್ಲೇ ಹಕ್ಕಿ ಹಾರಿಹೋಗುವುದಿಲ್ಲ.